ಅಚ್ಚುಮನೆಯ ಯಜಮಾನ ರಾಜಕೀಯಕ್ಕಿಳಿದಾಗ

ಯಾವ ದಿನಪತ್ರಿಕೆಯನ್ನೇ ತೆಗೆದುಕೊಳ್ಳಿ, ಒಂದು ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಾಕ್ಯ ಇರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಎಂಬಷ್ಟೇ ವಿವರ. ಅದನ್ನು ಓದುವವರು ಇಲ್ಲವೆಂದೇ ಹೇಳಬೇಕು. ಆದರೂ ಆ ಸಾಲು ಇಲ್ಲದೆ ಪತ್ರಿಕೆ ಹೊರಬರುವಂತಿಲ್ಲ. 1867ರಲ್ಲಿ ಬ್ರಿಟಿಷರು ತಂದ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಬರೆದದ್ದು ಸರ್ಕಾರಕ್ಕೆ ಹಿಡಿಸದೆ ಹೋದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದಕ್ಕೆ ಅದೊಂದು ವಿಳಾಸ. ಒಂದೂವರೆ ಶತಮಾನ ಬಾಳಿದ ಆ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್‌ನಲ್ಲಿ ಹೊಸ ಕಾಯ್ದೆ ಬಂದಿದೆ. ಸಾಲು ಮಾತ್ರ ಹಾಗೆಯೇ ಉಳಿದಿದೆ.

ಆ ಸಾಲಿನಲ್ಲಿ ಸಾಮಾನ್ಯವಾಗಿ ಕಾಣದ ಹೆಸರು ಒಂದಿದೆ. ಅದು ಯಜಮಾನನದು. ಬಂಡವಾಳ ಹಾಕಿದವನು, ಕಟ್ಟಡ ಕಟ್ಟಿಸಿದವನು, ಸಂಪಾದಕನನ್ನು ಕರೆತರುವವನು, ಬೇಡವೆಂದಾಗ ಕಳಿಸುವವನು. ಆ ಯಜಮಾನನೇ ಚುನಾವಣೆಗೆ ನಿಂತು ಗೆದ್ದು ಲೋಕಸಭೆಗೆ ಹೋದರೆ ಏನಾಗುತ್ತದೆ? ಪತ್ರಿಕೆ ಅವನ ಪಕ್ಷದ ಕರಪತ್ರವಾಗುತ್ತದೆಯೇ, ಅಥವಾ ಅವನ ಧೈರ್ಯ ಪತ್ರಿಕೆಗೂ ಬರುತ್ತದೆಯೇ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಸಿಗುವ ಬಹು ದೊಡ್ಡ ಉದಾಹರಣೆ ‘ಇಂಡಿಯನ್ ಎಕ್ಸ್‌ಪ್ರೆಸ್’ನ ರಾಮನಾಥ ಗೋಯೆಂಕಾ. ಅವರ ಬದುಕನ್ನು ನೋಡಿದರೆ ಎರಡೂ ನಿಜ ಎನ್ನಬೇಕಾಗುತ್ತದೆ, ಒಮ್ಮೊಮ್ಮೆ ಒಂದೇ ವರ್ಷದಲ್ಲಿ.

ಕನ್ನಡಿಗರಿಗೆ ಗೋಯೆಂಕಾ ಹೊಸಬರಲ್ಲ. 1967ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ‘ಕನ್ನಡಪ್ರಭ’ ಅವರದೇ ಸಮೂಹದ ಪತ್ರಿಕೆ. ಖಾದ್ರಿ ಶಾಮಣ್ಣ, ವೈಎನ್ಕೆ ಅವರಂಥವರು ಸಂಪಾದಕರಾಗಿದ್ದ ಆ ಪತ್ರಿಕೆ ನಡೆದದ್ದು ಕ್ವೀನ್ಸ್ ರಸ್ತೆಯ ಎಕ್ಸ್‌ಪ್ರೆಸ್ ಕಟ್ಟಡದಲ್ಲಿ. ಕಟ್ಟಡ ಎಂಬ ಮಾತು ಈ ಕಥೆಯಲ್ಲಿ ಮತ್ತೆ ಮತ್ತೆ ಬರಲಿದೆ. ಓದುಗರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಿಹಾರದಿಂದ ಮದ್ರಾಸಿಗೆ

ಗೋಯೆಂಕಾ ಹುಟ್ಟಿದ್ದು 1904ರ ಏಪ್ರಿಲ್‌ನಲ್ಲಿ, ಬಿಹಾರದ ದರ್ಭಂಗಾದಲ್ಲಿ, ಮಾರ್ವಾಡಿ ವ್ಯಾಪಾರಿ ಮನೆತನದಲ್ಲಿ. ಹದಿನೆಂಟರ ಆಸುಪಾಸಿನಲ್ಲಿ ವ್ಯಾಪಾರ ಕಲಿಯಲೆಂದು ಮದ್ರಾಸಿಗೆ ಬಂದ ಹುಡುಗ, ತಮಿಳು ಊರಿನಲ್ಲಿ ನಾಲ್ಕೇ ವರ್ಷಗಳಲ್ಲಿ ಎಷ್ಟು ಬೇರುಬಿಟ್ಟನೆಂದರೆ, 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಅವನನ್ನು ನಾಮಕರಣ ಮಾಡಲಾಯಿತು. ಆಗ ವಯಸ್ಸು 22. ಹೀಗಾಗಿ ‘ಪತ್ರಿಕೆಯ ಯಜಮಾನ ರಾಜಕೀಯಕ್ಕಿಳಿದ’ ಎನ್ನುವುದು ಪೂರ್ತಿ ಸರಿಯಲ್ಲ. ರಾಜಕೀಯ ಮೊದಲು ಬಂತು, ಪತ್ರಿಕೆ ಆಮೇಲೆ. ಶೀರ್ಷಿಕೆ ಕೊಟ್ಟ ತಪ್ಪು ನಮ್ಮದು.

ಪತ್ರಿಕೆಯನ್ನೂ ಅವರು ಹುಟ್ಟುಹಾಕಲಿಲ್ಲ. ‘ಇಂಡಿಯನ್ ಎಕ್ಸ್‌ಪ್ರೆಸ್’ 1932ರ ಸೆಪ್ಟೆಂಬರ್‌ನಲ್ಲಿ ಮದ್ರಾಸಿನಲ್ಲಿ ಆರಂಭವಾಯಿತು. ಆರಂಭಿಸಿದವರು ಪಿ. ವರದರಾಜುಲು ನಾಯ್ಡು ಎಂಬ ಆಯುರ್ವೇದ ವೈದ್ಯರು, ಕಾಂಗ್ರೆಸ್ಸಿಗರು. ಹಣದ ಮುಗ್ಗಟ್ಟು ಬಂದು ಅವರು ಅದನ್ನು ಎಸ್. ಸದಾನಂದ ಅವರಿಗೆ ಮಾರಿದರು. ಸದಾನಂದರು ‘ಫ್ರೀ ಪ್ರೆಸ್’ ಸುದ್ದಿಸಂಸ್ಥೆ ಕಟ್ಟಿದವರು, ದೊಡ್ಡ ಕನಸಿನ ಮನುಷ್ಯ. 1934ರಲ್ಲಿ ತಮಿಳಿನ ‘ದಿನಮಣಿ’ಯನ್ನೂ ತಂದರು. ಕನಸಿನ ಅಳತೆಗೆ ಕೈಯಲ್ಲಿ ಕಾಸಿರಲಿಲ್ಲ. ಗೋಯೆಂಕಾ ಮೊದಲು ಬಂದದ್ದು ಸಾಲಪತ್ರ ಕೊಂಡವರಾಗಿ. ಸಾಲ ಕೊಟ್ಟವನ ಕೈಗೆ ಸ್ವತ್ತು ಬರುವ ಹಳೆಯ ಕಥೆಯೇ ಇಲ್ಲೂ ನಡೆಯಿತು. ದೀರ್ಘ ಮೊಕದ್ದಮೆಯ ನಂತರ ಸದಾನಂದರು ಪತ್ರಿಕೆ ಕಳೆದುಕೊಂಡರು. 1930ರ ದಶಕದ ನಡುವಿನಲ್ಲಿ ಎಕ್ಸ್‌ಪ್ರೆಸ್ ಗೋಯೆಂಕಾ ಕೈ ಸೇರಿತು. ದಶಕದ ಕೊನೆಗೆ ತೆಲುಗಿನ ‘ಆಂಧ್ರಪ್ರಭ’ವೂ ಜೊತೆಗೂಡಿತು.

1940ರಲ್ಲಿ ಪತ್ರಿಕೆಯ ಮನೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋಯಿತು. ಆಗ ನೆರವಿಗೆ ಬಂದದ್ದು ಪ್ರತಿಸ್ಪರ್ಧಿಯಾಗಿದ್ದ ‘ದಿ ಹಿಂದೂ’. ‘ಸ್ವದೇಶಮಿತ್ರನ್’ ಅಚ್ಚುಕೂಟದಲ್ಲಿ ಎಕ್ಸ್‌ಪ್ರೆಸ್ ತಾತ್ಕಾಲಿಕವಾಗಿ ಅಚ್ಚಾಯಿತು. ‘ಹಿಂದೂ’ ತಾನು ಆಗಷ್ಟೇ ಖಾಲಿ ಮಾಡಿದ್ದ ಮೌಂಟ್ ರಸ್ತೆಯ ಜಾಗವನ್ನು ಬಾಡಿಗೆಗೆ ಕೊಟ್ಟಿತು. ಪೈಪೋಟಿಯ ಪತ್ರಿಕೆ ಸುಟ್ಟುಹೋದರೆ ಬೂದಿಯ ಮೇಲೆ ಕಾಲಿಟ್ಟು ನಡೆಯುವುದು ಸುಲಭವಿತ್ತು. ಆ ಕಾಲದ ಮದ್ರಾಸಿನಲ್ಲಿ ಹಾಗೆ ಮಾಡಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುವುದು ನ್ಯಾಯ.

1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿ ಸರ್ಕಾರ ಸುದ್ದಿಗಳಿಗೆ ಕತ್ತರಿ ಹಾಕಿದಾಗ, ಸರ್ಕಾರ ಒಪ್ಪಿದ ಸುದ್ದಿಯನ್ನಷ್ಟೇ ಹಾಕುವುದಾದರೆ ಪತ್ರಿಕೆಯೇ ಬೇಡವೆಂದು ಎಕ್ಸ್‌ಪ್ರೆಸ್ ಕೆಲಕಾಲ ಪ್ರಕಟಣೆ ನಿಲ್ಲಿಸಿತು. ನಷ್ಟ ಯಜಮಾನನದೇ. ಮುಂದೆ ಮೂವತ್ತಮೂರು ವರ್ಷದ ಮೇಲೆ ಇದೇ ಪರೀಕ್ಷೆ ಮತ್ತೆ ಎದುರಾದಾಗ ಎದುರಿಗಿದ್ದ ಸರ್ಕಾರ ನಮ್ಮದೇ ಆಗಿತ್ತು.

ಸಂವಿಧಾನ ರಚನಾ ಸಭೆಯಲ್ಲಿ ಗೋಯೆಂಕಾ ಮದ್ರಾಸಿನ ಸದಸ್ಯರಾಗಿ ಕುಳಿತರು. ಪತ್ರಿಕೆಗಳ ಮಾರಾಟ ಮತ್ತು ಅವುಗಳಲ್ಲಿನ ಜಾಹೀರಾತಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಸಿಗದಂತೆ, ಅದು ಕೇಂದ್ರದ ಪಟ್ಟಿಗೆ ಸೇರಿದ್ದು ಆ ಸಭೆಯಲ್ಲಿಯೇ. ಸಣ್ಣ ಪಟ್ಟಣದ ಪತ್ರಿಕೆಯನ್ನು ಅಲ್ಲಿನ ಮುಖ್ಯಮಂತ್ರಿ ತೆರಿಗೆಯ ಮೂಲಕ ಹಿಂಡಬಾರದೆಂಬ ಮುನ್ನೆಚ್ಚರಿಕೆ ಅದು. ಮೊದಲ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ತಿಂಡಿವನಂನಲ್ಲಿ ನಿಂತ ಗೋಯೆಂಕಾ ಸೋತರು. ಆಮೇಲೆ ಸುಮಾರು ಇಪ್ಪತ್ತು ವರ್ಷ ಅವರು ಚುನಾವಣೆಯಿಂದ ದೂರವಿದ್ದು ಪತ್ರಿಕೆ ಬೆಳೆಸಿದರು. ಬೊಂಬಾಯಿ, ದೆಹಲಿ, ಮಧುರೆ, ಬೆಂಗಳೂರು, ಅಹಮದಾಬಾದುಗಳಿಂದ ಆವೃತ್ತಿಗಳು ಬಂದವು. ಮರಾಠಿಯಲ್ಲಿ ‘ಲೋಕಸತ್ತಾ’, ಸಿನಿಮಾಕ್ಕೆ ‘ಸ್ಕ್ರೀನ್’ ಆಗಲೇ ಇದ್ದವು, ವಾಣಿಜ್ಯಕ್ಕೆ ‘ಫೈನಾನ್ಷಿಯಲ್ ಎಕ್ಸ್‌ಪ್ರೆಸ್’ ಬಂತು.

1950ರ ದಶಕದಲ್ಲಿ ಎಕ್ಸ್‌ಪ್ರೆಸ್‌ನ ಆಡಳಿತದಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರು ಫಿರೋಜ್ ಗಾಂಧಿ. ಪ್ರಧಾನಿ ನೆಹರೂ ಅವರ ಅಳಿಯ, ಇಂದಿರಾ ಗಾಂಧಿಯವರ ಪತಿ. ಸಂಸತ್ತಿನ ಕಲಾಪವನ್ನು ಯಥಾವತ್ತಾಗಿ ವರದಿ ಮಾಡಿದ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡಬಾರದೆಂಬ 1956ರ ಕಾಯ್ದೆಯನ್ನು ಖಾಸಗಿ ಮಸೂದೆಯಾಗಿ ತಂದವರು ಅವರೇ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಪತಿ ತಂದ ಆ ಕಾಯ್ದೆಯನ್ನು ಪತ್ನಿಯ ಸರ್ಕಾರ ರದ್ದುಮಾಡಿತು. ಜನತಾ ಸರ್ಕಾರ 1977ರಲ್ಲಿ ಅದನ್ನು ಮರಳಿ ತಂದಿತು.

ಕಾರ್ಮಿಕರ ಕಣ್ಣಿನಲ್ಲಿ

ಗೋಯೆಂಕಾ ಅವರನ್ನು ಪತ್ರಿಕಾ ಸ್ವಾತಂತ್ರ್ಯದ ಮೂರ್ತಿಯಾಗಿ ಮಾತ್ರ ನೋಡಿದವರು ಈ ಭಾಗವನ್ನು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಪತ್ರಕರ್ತರ ಕೆಲಸದ ಅವಧಿ, ರಜೆ, ವೇತನಗಳನ್ನು ಕಾನೂನಿನ ಚೌಕಟ್ಟಿಗೆ ತಂದ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಮಾಲೀಕರಲ್ಲಿ ಮುಂದಿದ್ದುದು ಎಕ್ಸ್‌ಪ್ರೆಸ್. 1958ರಲ್ಲಿ ತೀರ್ಪು ಬಂತು. ಕಾಯ್ದೆ ಬಹುಪಾಲು ಉಳಿಯಿತು. ಆದರೆ ಪತ್ರಿಕೆಗಳ ಕೊಡುವ ಶಕ್ತಿಯನ್ನು ಸರಿಯಾಗಿ ಪರಿಶೀಲಿಸಿಲ್ಲವೆಂಬ ಕಾರಣಕ್ಕೆ ವೇತನ ಮಂಡಳಿಯ ನಿರ್ಧಾರ ಬಿದ್ದುಹೋಯಿತು. ಮರುವರ್ಷ ಮದ್ರಾಸಿನ ಅಚ್ಚುಕೂಟದಲ್ಲಿ ಕಾರ್ಮಿಕ ವಿವಾದ ಬಿಗಡಾಯಿಸಿದಾಗ ಗೋಯೆಂಕಾ ಸಂಧಾನಕ್ಕೆ ಕೂರಲಿಲ್ಲ. ಮದ್ರಾಸಿನ ಪ್ರಕಟಣೆಯನ್ನೇ ಮುಚ್ಚಿ ಅದನ್ನು ವಿಜಯವಾಡಕ್ಕೆ ಒಯ್ದರು. ಆ ವಿವಾದವೂ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಸರ್ಕಾರದ ಒತ್ತಡಕ್ಕೆ ಮಣಿಯದ ಮನುಷ್ಯ ಕಾರ್ಮಿಕರ ಬೇಡಿಕೆಗೂ ಮಣಿಯುತ್ತಿರಲಿಲ್ಲ. ಹಟ ಎಂಬುದು ಎದುರಿಗೆ ಯಾರಿದ್ದಾರೆ ಎಂದು ನೋಡಿ ಬರುವ ಗುಣವಲ್ಲವಷ್ಟೇ. ದೆಹಲಿಯಲ್ಲಿ ಹೊಗಳಿಸಿಕೊಂಡ ಅದೇ ಹಟವನ್ನು ಮದ್ರಾಸಿನಲ್ಲಿ ಕೆಲಸ ಕಳೆದುಕೊಂಡ ಮೊಳೆ ಜೋಡಿಸುವವನು ಬೇರೆ ಹೆಸರಿನಿಂದ ಕರೆದಿರಬೇಕು.

ವಿದಿಶಾದಿಂದ ಲೋಕಸಭೆಗೆ

1971ರ ಚುನಾವಣೆ ‘ಗರೀಬಿ ಹಟಾವೋ’ ಘೋಷಣೆಯ ಚುನಾವಣೆ. ಇಂದಿರಾ ಗಾಂಧಿಯವರ ಪಕ್ಷ 352 ಸ್ಥಾನ ಗೆದ್ದಿತು. ಭಾರತೀಯ ಜನಸಂಘಕ್ಕೆ ಸಿಕ್ಕಿದ್ದು 22. ಆ ಇಪ್ಪತ್ತೆರಡರಲ್ಲಿ ಒಂದು ಮಧ್ಯಪ್ರದೇಶದ ವಿದಿಶಾ, ಅಲ್ಲಿ ಗೆದ್ದವರು ಗೋಯೆಂಕಾ. ಹಳೆಯ ಕಾಂಗ್ರೆಸ್ಸಿಗರು ಜನಸಂಘದ ಟಿಕೆಟ್‌ನಲ್ಲಿ ಗೆದ್ದದ್ದು ಅವರ ಸೈದ್ಧಾಂತಿಕ ಪಯಣ ಎನ್ನುವುದಕ್ಕಿಂತ ಇಂದಿರಾ ಅವರೊಂದಿಗಿನ ವೈರದ ಅಳತೆ ಎನ್ನಬಹುದು. ಅವರು ಮದ್ರಾಸಿನವರೂ ಬೊಂಬಾಯಿಯವರೂ ಆಗಿದ್ದರೇ ಹೊರತು ವಿದಿಶಾದವರಲ್ಲ. ಅಂದಹಾಗೆ ಆ ಕ್ಷೇತ್ರ ಮುಂದೆ ಅಟಲ್ ಬಿಹಾರಿ ವಾಜಪೇಯಿ, ಶಿವರಾಜ್ ಸಿಂಗ್ ಚೌಹಾಣ್, ಸುಷ್ಮಾ ಸ್ವರಾಜ್ ಅವರನ್ನು ಆರಿಸಿ ಕಳಿಸಿತು.

ನಮ್ಮಲ್ಲಿಯೂ ಪತ್ರಿಕೆಯಿಂದ ಅಧಿಕಾರಕ್ಕೆ ಹೋದವರಿದ್ದಾರೆ. ‘ಕರ್ಮವೀರ’, ‘ಸಂಯುಕ್ತ ಕರ್ನಾಟಕ’ಗಳ ಹಿಂದಿನ ಶಕ್ತಿಯಾಗಿದ್ದ ರಂಗನಾಥ ದಿವಾಕರರು ನೆಹರೂ ಸರ್ಕಾರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು, ಬಿಹಾರದ ರಾಜ್ಯಪಾಲರೂ ಆದರು. ಆದರೆ ದಿವಾಕರರಿಗೆ ಪತ್ರಿಕೆ ಚಳವಳಿಯ ಕೂಸು, ಅದು ಉಳಿದದ್ದು ಲೋಕಶಿಕ್ಷಣ ಟ್ರಸ್ಟಿನ ಹೆಸರಿನಲ್ಲಿ. ಗೋಯೆಂಕಾ ಅವರಿಗೆ ಪತ್ರಿಕೆ ಸ್ವಂತ ಸೊತ್ತು. ಈ ವ್ಯತ್ಯಾಸ ಸಣ್ಣದಲ್ಲ. ಟ್ರಸ್ಟಿನ ಪತ್ರಿಕೆಯನ್ನು ಒಬ್ಬನ ಮೇಲಿನ ಸಿಟ್ಟಿಗೆ ಹಿಂಡುವುದು ಕಷ್ಟ. ಒಬ್ಬನದೇ ಆದ ಪತ್ರಿಕೆಯನ್ನು ಹಿಂಡಲು ಆ ಒಬ್ಬನನ್ನು ಹಿಡಿದರೆ ಸಾಕು.

ಬಿಹಾರದ ಚಳವಳಿ ಆರಂಭವಾದಾಗ ಗೋಯೆಂಕಾ ಜಯಪ್ರಕಾಶ ನಾರಾಯಣರ ಬೆನ್ನಿಗೆ ನಿಂತರು. ಜೆಪಿ ಅವರ ಇಂಗ್ಲಿಷ್ ವಾರಪತ್ರಿಕೆ ‘ಎವ್ರಿಮ್ಯಾನ್ಸ್’ ಎಕ್ಸ್‌ಪ್ರೆಸ್‌ನ ಆಸರೆಯಲ್ಲಿಯೇ ಹೊರಬರುತ್ತಿತ್ತು. ಹೀಗೆ 1975ರ ಜೂನ್ ಹೊತ್ತಿಗೆ ಈ ಮನುಷ್ಯ ಏಕಕಾಲಕ್ಕೆ ವಿರೋಧ ಪಕ್ಷದ ಸಂಸದ, ಚಳವಳಿಯ ಪೋಷಕ ಮತ್ತು ದೇಶದ ಉದ್ದಗಲಕ್ಕೂ ಹಬ್ಬಿದ್ದ ಪತ್ರಿಕಾ ಸಮೂಹವೊಂದರ ಯಜಮಾನ.

ತಂತಿ ಕತ್ತರಿಸಿದ ರಾತ್ರಿ

ದೆಹಲಿಯ ಬಹಾದ್ದೂರ್ ಷಾ ಜಫರ್ ಮಾರ್ಗಕ್ಕೆ ಪತ್ರಿಕೆಗಳ ಬೀದಿ ಎಂದೇ ಹೆಸರು. ಎಕ್ಸ್‌ಪ್ರೆಸ್ ಕಟ್ಟಡ ಇರುವುದೂ ಅಲ್ಲಿಯೇ. 1975ರ ಜೂನ್ 25ರ ರಾತ್ರಿ ಆ ಬೀದಿಯ ವಿದ್ಯುತ್ ಕಡಿತವಾಯಿತು. ತುರ್ತು ಪರಿಸ್ಥಿತಿ ಘೋಷಣೆಯಾಗಿದೆ, ಜೆಪಿ ಬಂಧನವಾಗಿದೆ ಎಂಬ ಸುದ್ದಿ ಹೊತ್ತ ಪತ್ರಿಕೆ ಅಚ್ಚಾಗಬಾರದು, ಅಷ್ಟೇ. ಆಗಿನ್ನೂ ಸೆನ್ಸಾರ್ ಆದೇಶವೂ ಕೈಸೇರಿರಲಿಲ್ಲ. ‘ಹಿಂದೂಸ್ತಾನ್ ಟೈಮ್ಸ್’ ಮತ್ತು ‘ಸ್ಟೇಟ್ಸ್‌ಮನ್’ ಪತ್ರಿಕೆಗಳು ಮರುದಿನ ಹೊರಬಂದವು. ಅವು ಇದ್ದದ್ದು ಕನಾಟ್ ಪ್ಲೇಸ್ ಕಡೆಗೆ, ಆ ಭಾಗಕ್ಕೆ ವಿದ್ಯುತ್ ಕೊಡುತ್ತಿದ್ದುದು ನವದೆಹಲಿ ನಗರಸಭೆ. ತಂತಿ ಕತ್ತರಿಸಲು ಹೇಳಿದವರಿಗೆ ಆ ಭೂಗೋಳ ನೆನಪಾಗಲಿಲ್ಲ.

ಜೂನ್ 28ರಂದು ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪತ್ರಿಕೆ ಹೊರತಂದಿತು. ಬಿಳಿ ಕಾಗದ ಯಾವ ಕಾನೂನನ್ನೂ ಮುರಿಯುವುದಿಲ್ಲ ಎಂಬ ನಂಬಿಕೆ ಇದ್ದಿರಬಹುದು. ಖಾಲಿ ಜಾಗ ಬಿಡುವುದನ್ನೂ ಸೆನ್ಸಾರ್ ನಿಷೇಧಿಸಿತು. ಜುಲೈನಲ್ಲಿ ಎಕ್ಸ್‌ಪ್ರೆಸ್‌ನ ಕುಲದೀಪ್ ನಯ್ಯರ್ ಬಂಧನಕ್ಕೊಳಗಾದರು.

ಆ ಇಪ್ಪತ್ತೊಂದು ತಿಂಗಳುಗಳಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪತ್ರಿಕಾ ಸ್ವಾತಂತ್ರ್ಯ ಎಂದಾಗ ನಮಗೆ ನೆನಪಾಗುವುದು ಜೈಲು, ಸೆನ್ಸಾರ್ ಅಧಿಕಾರಿಯ ಕೆಂಪು ಪೆನ್ಸಿಲು. ನಿಜವಾಗಿ ಪತ್ರಿಕೆ ಎಂಬುದು ಒಂದು ಕಾರ್ಖಾನೆ. ಅದಕ್ಕೆ ದಿನವೂ ಕಾಗದ ಬೇಕು, ಕರೆಂಟು ಬೇಕು, ಸಾಲ ಬೇಕು, ಜಾಹೀರಾತು ಬೇಕು, ದೂರದೂರಿನ ಸುದ್ದಿ ಬೇಕು. ಇವುಗಳಲ್ಲಿ ಪ್ರತಿಯೊಂದರ ನಲ್ಲಿಯೂ ಆ ಕಾಲದಲ್ಲಿ ಸರ್ಕಾರದ ಕೈಯಲ್ಲಿತ್ತು. ನ್ಯೂಸ್‌ಪ್ರಿಂಟ್ ಬಹುಪಾಲು ವಿದೇಶದಿಂದ ಬರುತ್ತಿತ್ತು, ರಾಜ್ಯ ವ್ಯಾಪಾರ ನಿಗಮದ ಮೂಲಕ, ಇಷ್ಟಿಷ್ಟೇ ಎಂಬ ಕೋಟಾದ ಲೆಕ್ಕದಲ್ಲಿ. ಪುಟಗಳ ಸಂಖ್ಯೆಯನ್ನು ಹತ್ತಕ್ಕೆ ಮಿತಿಗೊಳಿಸಿದ ನೀತಿಯನ್ನು 1972ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತ್ತು, ಕೋಟಾ ಮಾತ್ರ ಉಳಿದಿತ್ತು. 1969ರಲ್ಲಿ ಹದಿನಾಲ್ಕು ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಾಲದ ಕೀಲಿಕೈ ದೆಹಲಿಯಲ್ಲಿತ್ತು. ಸರ್ಕಾರಿ ಇಲಾಖೆ ಮತ್ತು ಉದ್ಯಮಗಳ ಜಾಹೀರಾತು ಹೇಗೂ ಸರ್ಕಾರದ್ದೇ. 1976ರಲ್ಲಿ ಪಿಟಿಐ, ಯುಎನ್‌ಐ ಸೇರಿದಂತೆ ನಾಲ್ಕು ಸುದ್ದಿಸಂಸ್ಥೆಗಳನ್ನು ಬೆಸೆದು ‘ಸಮಾಚಾರ್’ ಮಾಡಿದ ಮೇಲೆ ಸುದ್ದಿಯ ನಲ್ಲಿಯೂ ಒಂದೇ ಆಯಿತು. ಪತ್ರಿಕಾ ಮಂಡಳಿಯನ್ನು ವಿಸರ್ಜಿಸಲಾಯಿತು.

ಎಕ್ಸ್‌ಪ್ರೆಸ್ ಮೇಲೆ ಈ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿದರು. ಸರ್ಕಾರಿ ಜಾಹೀರಾತು ನಿಂತಿತು. ಬ್ಯಾಂಕುಗಳು ಕೈ ಬಿಗಿ ಹಿಡಿದವು. ಗೋಯೆಂಕಾ ಕಂಪೆನಿಗಳ ಲೆಕ್ಕಪತ್ರಗಳ ಮೇಲೆ ಮೊಕದ್ದಮೆಗಳು ಬಂದವು. ಒತ್ತಡ ತಾಳಲಾರದ ಘಟ್ಟದಲ್ಲಿ ಅವರು ಹೊಸ ಆಡಳಿತ ಮಂಡಳಿಗೆ ಒಪ್ಪಬೇಕಾಯಿತು, ಅದರ ಅಧ್ಯಕ್ಷರಾಗಿ ಬಂದವರು ಕೆ.ಕೆ. ಬಿರ್ಲಾ. ಸಂಪಾದಕ ಎಸ್. ಮುಳಗಾಂವಕರ್ ಹೊರನಡೆಯಬೇಕಾಯಿತು. ಗೋಯೆಂಕಾ ಅವರಿಗೆ ಹೃದಯಾಘಾತವೂ ಆಯಿತು. ಎಪ್ಪತ್ತು ದಾಟಿದ ಮನುಷ್ಯ, ಇನ್ನು ಮುಗಿಯಿತೆಂದು ದೆಹಲಿ ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಷೇರುಗಳು ಇನ್ನೂ ಗೋಯೆಂಕಾ ಕುಟುಂಬದಲ್ಲಿಯೇ ಇದ್ದವು. ಚೇತರಿಸಿಕೊಂಡು ಬಂದವರು 1976ರಲ್ಲಿ ಹಿಡಿತವನ್ನು ಮರಳಿ ಪಡೆದರು. ಸರ್ಕಾರ ಮತ್ತೆ ಮುಗಿಬಿತ್ತು. ಎಕ್ಸ್‌ಪ್ರೆಸ್ ಮೇಲೆ ಪೂರ್ವ ಸೆನ್ಸಾರ್ ಹೇರಲಾಯಿತು. ದೆಹಲಿ ಮಹಾನಗರ ಪಾಲಿಕೆ ಆಸ್ತಿ ತೆರಿಗೆ ಬಾಕಿಯ ನೆಪ ತೆಗೆದು ಅಚ್ಚುಕೂಟಕ್ಕೆ ಬೀಗಮುದ್ರೆ ಹಾಕಿತು, ಕರೆಂಟೂ ಹೋಯಿತು. ಪತ್ರಿಕೆ ಕೋರ್ಟಿಗೆ ಹೋಗಿ ತೆರೆಸಿಕೊಂಡಿತು. ದಿನದಿನವೂ ಹೀಗೆ ಕಳೆದು, 1977ರ ಜನವರಿಯಲ್ಲಿ ಚುನಾವಣೆ ಘೋಷಣೆಯಾದಾಗ ಎಕ್ಸ್‌ಪ್ರೆಸ್ ಇನ್ನೂ ಬದುಕಿತ್ತು. ಬದುಕಿತ್ತು ಎಂಬುದೇ ಸುದ್ದಿ. ಸೆನ್ಸಾರ್ ಸಡಿಲವಾದ ಆ ಎರಡು ತಿಂಗಳು ಜನ ಅದನ್ನು ಹುಡುಕಿ ಕೊಂಡು ಓದಿದರು. ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತರು. ಮರುವರ್ಷ ಅವರನ್ನು ಲೋಕಸಭೆಗೆ ಮರಳಿ ಕಳಿಸಿದ ಚಿಕ್ಕಮಗಳೂರಿನ ಕಥೆ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ನರಸಿಂಹನ್ ಅವರ ಕಥೆ

ಆ ಕಷ್ಟದ ಅವಧಿಯಲ್ಲಿ ಸಂಪಾದಕನ ಕುರ್ಚಿಯಲ್ಲಿ ಕುಳಿತಿದ್ದವರು ವಿ.ಕೆ. ನರಸಿಂಹನ್. ‘ಫೈನಾನ್ಷಿಯಲ್ ಎಕ್ಸ್‌ಪ್ರೆಸ್’ನಲ್ಲಿದ್ದವರನ್ನು ಕರೆತಂದು ಕೂರಿಸಿದ್ದರು. ಅಬ್ಬರವಿಲ್ಲದ ಮನುಷ್ಯ. ಆ ಕಾಲದಲ್ಲಿ ಒಂದು ಸಂಪಾದಕೀಯ ಬರೆಯುವುದೆಂದರೆ ಕತ್ತಿಯ ಅಂಚಿನ ಮೇಲೆ ನಡೆದಂತೆ. ಯಜಮಾನನ ಆಸ್ತಿ ಪಣಕ್ಕಿತ್ತು ನಿಜ, ಆದರೆ ಬರೆದವನೇ ಮೊದಲು ಸಿಕ್ಕಿಬೀಳುವವನು. ನರಸಿಂಹನ್ ನಡೆದರು, ಬೀಳಲಿಲ್ಲ.

ತುರ್ತು ಪರಿಸ್ಥಿತಿ ಮುಗಿಯಿತು. ಅವರಿಗೆ ಸನ್ಮಾನವಾಗಲಿಲ್ಲ. ಗೋಯೆಂಕಾ ಮುಳಗಾಂವಕರ್ ಅವರನ್ನು ಮರಳಿ ಸಂಪಾದಕರನ್ನಾಗಿ ಮಾಡಿದರು. ಅನ್ಯಾಯವಾಗಿ ಹೋದವರಿಗೆ ಅವರ ಜಾಗ ಕೊಡಬೇಕೆಂಬುದು ಒಂದು ನ್ಯಾಯವೇ. ಆದರೆ ಆ ಜಾಗವನ್ನು ಕಾಯ್ದವರಿಗೆ? ನರಸಿಂಹನ್ ಪತ್ರಿಕೆಯನ್ನು ಬಿಟ್ಟು ನಡೆದರು. ಆರಂಭದಲ್ಲಿ ಹೇಳಿದ ಆ ಇರುವೆ ಸಾಲಿನಲ್ಲಿ ಒಂದು ಹೆಸರು ಹೋಗಿ ಇನ್ನೊಂದು ಬಂತು, ಅಷ್ಟೇ. ಸರ್ಕಾರ ಎಷ್ಟು ಒದ್ದಾಡಿದರೂ ಅಳಿಸಲಾಗದ ಹೆಸರನ್ನು ಯಜಮಾನ ಒಂದು ಮಾತಿನಲ್ಲಿ ಅಳಿಸಿದರು. ಈ ಲೇಖನಕ್ಕೆಂದು ಗೋಯೆಂಕಾ ಬದುಕನ್ನು ಓದುತ್ತಾ ಹೋದಾಗ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಈ ಪ್ರಸಂಗ.

ನರಸಿಂಹನ್ ಆಮೇಲೆ ಬೆಂಗಳೂರಿಗೆ ಬಂದು ‘ಡೆಕ್ಕನ್ ಹೆರಾಲ್ಡ್’ ಸಂಪಾದಕರಾದರು. ಕೊನೆಯ ವರ್ಷಗಳಲ್ಲಿ ಪುಟ್ಟಪರ್ತಿಯ ಆಶ್ರಮ ಸೇರಿ ಅಲ್ಲಿನ ‘ಸನಾತನ ಸಾರಥಿ’ಯನ್ನು ಸಂಪಾದಿಸಿದರು.

ಇದು ಒಂಟಿ ಪ್ರಸಂಗವೂ ಅಲ್ಲ. ಅರುಣ್ ಶೌರಿ 1979ರಲ್ಲಿ ಎಕ್ಸ್‌ಪ್ರೆಸ್‌ಗೆ ಬಂದರು. ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಲೆ ಅವರ ಟ್ರಸ್ಟುಗಳಿಗೆ ಹಣ ಹೇಗೆ ಹರಿಯುತ್ತಿದೆ, ಸಿಮೆಂಟಿನ ಹಂಚಿಕೆಗೂ ಅದಕ್ಕೂ ಏನು ನಂಟು ಎಂಬುದನ್ನು 1981ರಲ್ಲಿ ಬಯಲಿಗೆಳೆದರು. 1982ರ ಜನವರಿಯಲ್ಲಿ ಬೊಂಬಾಯಿ ಹೈಕೋರ್ಟಿನ ತೀರ್ಪು ಬಂದು ಅಂತುಲೆ ರಾಜೀನಾಮೆ ಕೊಟ್ಟರು. ಅದೇ ವರ್ಷ ಶೌರಿ ಅವರನ್ನೂ ಗೋಯೆಂಕಾ ಕಳಿಸಿದರು. 1987ರಲ್ಲಿ ಮತ್ತೆ ಕರೆತಂದರು, 1990ರಲ್ಲಿ ಮತ್ತೆ ಕಳಿಸಿದರು. ಎಕ್ಸ್‌ಪ್ರೆಸ್ ಸಂಪಾದಕನಿಗೆ ಮಂತ್ರಿಗಳ ವಿರುದ್ಧ ಬರೆಯುವ ಸ್ವಾತಂತ್ರ್ಯ ದೇಶದಲ್ಲಿಯೇ ಹೆಚ್ಚು ಇತ್ತೆನ್ನಬಹುದು. ನಾಳೆಯೂ ಇದೇ ಕುರ್ಚಿಯಲ್ಲಿ ಇರುತ್ತೇನೆಂಬ ಭರವಸೆ ಅಷ್ಟೇ ಕಡಿಮೆ.

ಕಟ್ಟಡದ ಮೇಲಿನ ಕಣ್ಣು

1980ರ ಜನವರಿಯಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿದರು. ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ಗೆ ಒಂದು ನೋಟೀಸು ಬಂತು. ದೆಹಲಿಯ ಕಟ್ಟಡ ನಿಂತಿರುವ ನೆಲ ಸರ್ಕಾರದ ಗುತ್ತಿಗೆ ಭೂಮಿ, ಹೊಸದಾಗಿ ಕಟ್ಟುತ್ತಿರುವ ಭಾಗ ಷರತ್ತು ಮೀರಿದೆ, ಆದ್ದರಿಂದ ಗುತ್ತಿಗೆ ರದ್ದುಮಾಡಿ ನೆಲ ಏಕೆ ವಾಪಸು ಪಡೆಯಬಾರದು ಎಂಬುದು ಅದರ ಸಾರ. ಆಗ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು ಜಗಮೋಹನ್.

ಗೋಯೆಂಕಾ ಕಟ್ಟಡಗಳನ್ನು ಪ್ರೀತಿಸುತ್ತಿದ್ದುದಕ್ಕೆ ವ್ಯವಹಾರದ ಕಾರಣವಿತ್ತು. ಪತ್ರಿಕೆಯ ಮಾರಾಟದ ಬೆಲೆ ಕಾಗದದ ಖರ್ಚನ್ನೂ ತುಂಬುವುದಿಲ್ಲ. ಉಳಿದದ್ದು ಜಾಹೀರಾತಿನಿಂದ ಬರಬೇಕು, ಜಾಹೀರಾತು ಕೊಡುವವನಿಗೆ ಮುಲಾಜು ಬರುತ್ತದೆ. ಅದರ ಬದಲು ಊರಿನ ಒಳ್ಳೆಯ ಜಾಗದಲ್ಲಿ ದೊಡ್ಡ 
ಕಟ್ಟಡ ಕಟ್ಟಿ, ಪತ್ರಿಕೆಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನು ಬಾಡಿಗೆಗೆ ಬಿಟ್ಟರೆ, ಬಾಡಿಗೆಯ ಹಣ ಪತ್ರಿಕೆಯನ್ನು ಸಾಕುತ್ತದೆ. ಬೊಂಬಾಯಿಯ ನಾರಿಮನ್ ಪಾಯಿಂಟಿನ ಎಕ್ಸ್‌ಪ್ರೆಸ್ ಟವರ್ಸ್ ಈ ಲೆಕ್ಕದ ಫಲ. ಅದರ ತುದಿಯ ಮನೆಯಲ್ಲಿಯೇ ಅವರು ವಾಸವಿದ್ದರು. ಆದರೆ ಬಾಡಿಗೆಯ ಆಸರೆ ಇರುವ ಪತ್ರಿಕೆಗೆ ನೆಲವೇ ಹಿಡಿಕೆ. ಹಿಡಿಕೆ ಎಲ್ಲಿದೆ ಎಂದು ಸರ್ಕಾರಕ್ಕೂ ಗೊತ್ತಿತ್ತು.

ಸುಪ್ರೀಂ ಕೋರ್ಟ್ 1985ರ ಅಕ್ಟೋಬರ್‌ನಲ್ಲಿ ಆ ನೋಟೀಸುಗಳನ್ನು ರದ್ದುಮಾಡಿತು. ಅದಕ್ಕೂ ಮುಂಚೆ, 1984ರ ಡಿಸೆಂಬರ್‌ನಲ್ಲಿ, ಆಮದಾಗುವ ನ್ಯೂಸ್‌ಪ್ರಿಂಟ್ ಮೇಲಿನ ಸುಂಕವನ್ನು ಪ್ರಶ್ನಿಸಿ ಎಕ್ಸ್‌ಪ್ರೆಸ್ ಮತ್ತಿತರ ಪತ್ರಿಕೆಗಳು ಹೂಡಿದ್ದ ಮೊಕದ್ದಮೆಯ ತೀರ್ಪು ಬಂದಿತ್ತು. ಪತ್ರಿಕೆಗಳಿಗೆ ತೆರಿಗೆಯೇ ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಪತ್ರಿಕೆ ಓದುಗನ ಕೈಗೆ ತಲುಪದಷ್ಟು ದುಬಾರಿಯಾಗುವಂತೆ ತೆರಿಗೆ ಹಾಕಿದರೆ ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ಪೆಟ್ಟೇ ಆಗುತ್ತದೆ, ಆ ದೃಷ್ಟಿಯಿಂದ ಸುಂಕವನ್ನು ಮರುಪರಿಶೀಲಿಸಿ ಎಂದು ಸರ್ಕಾರಕ್ಕೆ ಹೇಳಿತು. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ವಕೀಲರು ಈಗಲೂ ಮೊದಲು ಎತ್ತಿಕೊಳ್ಳುವ ತೀರ್ಪುಗಳಲ್ಲಿ ಅದೊಂದು. ಬರೆದವರು ನಮ್ಮ ಪಾಂಡವಪುರ ತಾಲ್ಲೂಕಿನವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯೂ ಆದರು. ಕಟ್ಟಡದ ಮೊಕದ್ದಮೆಯ ಪೀಠದಲ್ಲಿಯೂ ಅವರಿದ್ದರು.

ಕೊನೆಯ ಸುತ್ತಿನ ಜಗಳ ರಾಜೀವ್ ಗಾಂಧಿ ಸರ್ಕಾರದೊಂದಿಗೆ. 1986ರಲ್ಲಿ ಲೆಕ್ಕಪರಿಶೋಧಕ ಎಸ್. ಗುರುಮೂರ್ತಿ ಎಕ್ಸ್‌ಪ್ರೆಸ್‌ನಲ್ಲಿ ರಿಲಯನ್ಸ್ ಕಂಪೆನಿಯ ವ್ಯವಹಾರಗಳನ್ನು ಕುರಿತು ಸರಣಿ ಲೇಖನ ಬರೆದರು. ಧೀರೂಭಾಯಿ ಅಂಬಾನಿ ಒಂದು ಕಾಲಕ್ಕೆ ಗೋಯೆಂಕಾ ಅವರ ಸ್ನೇಹಿತರೇ ಆಗಿದ್ದವರು. ಇಲ್ಲಿ ಒಂದು ಅನುಮಾನ ಆಗಲೂ ಇತ್ತು, ಈಗಲೂ ಇದೆ. ಬರೆದದ್ದರಲ್ಲಿ ಹುರುಳಿತ್ತು ಎಂಬುದು ಒಂದು ಮಾತು. ಸ್ನೇಹ ಕೆಡದೆ ಇದ್ದಿದ್ದರೆ ಬರುತ್ತಿತ್ತೇ ಎಂಬುದು ಇನ್ನೊಂದು. ಯಜಮಾನನ ವೈಯಕ್ತಿಕ ಜಗಳ ಪತ್ರಿಕೆಯ ಮುಖಪುಟಕ್ಕೆ ಬಂದಾಗ ಓದುಗನಿಗೆ ಸತ್ಯ ಸಿಗಬಹುದು, ಆದರೆ ಯಾವ ಸತ್ಯ ಯಾವಾಗ ಸಿಗಬೇಕೆಂದು ತೀರ್ಮಾನಿಸುವವನು ಬೇರೆ ಯಾರೋ ಆಗಿರುತ್ತಾನೆ.

1987ರ ಮಾರ್ಚ್‌ನಲ್ಲಿ ಗುರುಮೂರ್ತಿ ಬಂಧನವಾಯಿತು. ಸೆಪ್ಟೆಂಬರ್ 1ರಂದು ದೇಶದ ಹಲವು ಊರುಗಳಲ್ಲಿ ಎಕ್ಸ್‌ಪ್ರೆಸ್ ಕಚೇರಿಗಳ ಮೇಲೆ ಒಂದೇ ದಿನ ದಾಳಿ ನಡೆಯಿತು. ಅದರ ಬೆನ್ನಿಗೆ ದೆಹಲಿ ಆವೃತ್ತಿ ಮುಷ್ಕರದಿಂದ ವಾರಗಟ್ಟಲೆ ನಿಂತಿತು. 1977ರಲ್ಲಿ ಮಾಡಿದಂತೆ 1989ರಲ್ಲಿಯೂ ವಿರೋಧ ಪಕ್ಷಗಳನ್ನು ಒಂದೆಡೆ ತರುವ ಮಾತುಕತೆಗಳಲ್ಲಿ ಎಂಬತ್ತೈದರ ಗೋಯೆಂಕಾ ಕೈ ಇತ್ತೆಂಬುದು ಬಹಿರಂಗ ರಹಸ್ಯ. ವಿದಿಶಾದ ಸಂಸದನ ಅವಧಿ 1977ರಲ್ಲೇ ಮುಗಿದಿತ್ತು. ರಾಜಕೀಯಕ್ಕೆ ಅವರಿಗೆ ಸಂಸತ್ತಿನ ಕುರ್ಚಿ ಬೇಕೇ ಇರಲಿಲ್ಲ.

ಒಬ್ಬನೇ ಮಗ ಭಗವಾನ್ ದಾಸ್ 1979ರಲ್ಲಿಯೇ ತೀರಿಕೊಂಡಿದ್ದರು. 1991ರ ಅಕ್ಟೋಬರ್ 5ರಂದು ರಾಮನಾಥ ಗೋಯೆಂಕಾ ಬೊಂಬಾಯಿಯಲ್ಲಿ ನಿಧನರಾದರು. ಸಮೂಹ ಕುಟುಂಬದೊಳಗೆ ಎರಡು ಹೋಳಾಯಿತು. ಉತ್ತರದ ಆವೃತ್ತಿಗಳು ವಿವೇಕ್ ಗೋಯೆಂಕಾ ಅವರಿಗೆ, ದಕ್ಷಿಣದವು ಮನೋಜ್ ಕುಮಾರ್ ಸೊಂಥಾಲಿಯಾ ಅವರಿಗೆ ಬಂದವು. ದಕ್ಷಿಣದ ಪತ್ರಿಕೆ 1999ರಿಂದ ‘ದಿ ನ್ಯೂ ಇಂಡಿಯನ್ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಬರುತ್ತಿದೆ.

ಮದ್ರಾಸಿನಲ್ಲಿ ಗೋಯೆಂಕಾ ಕೊಂಡಿದ್ದ ಹಳೆಯ ಮದ್ರಾಸ್ ಕ್ಲಬ್ಬಿನ ವಿಶಾಲ ಆವರಣಕ್ಕೆ ಎಕ್ಸ್‌ಪ್ರೆಸ್ ಎಸ್ಟೇಟ್ ಎಂದು ಹೆಸರಿತ್ತು. ದಶಕಗಳ ಕಾಲ ಪತ್ರಿಕೆ ಅಲ್ಲಿಂದ ಹೊರಬಂತು. ಕ್ಲಬ್ಬಿನ ಕಂಬಗಳ ಕಟ್ಟಡವನ್ನು ಕೆಡವಿ, ಆ ನೆಲದ ಮೇಲೆ 2010ರಲ್ಲಿ ಒಂದು ಮಾಲ್ ತೆರೆದರು. ಬಟ್ಟೆ ಕೊಳ್ಳಲು, ಸಿನಿಮಾ ನೋಡಲು ಚೆನ್ನೈಗೆ ಹೋದ ನಮ್ಮವರೂ ಅಲ್ಲಿ ಅಡ್ಡಾಡಿ ಬಂದಿರುತ್ತಾರೆ. ಅದರ ಹೆಸರು ಎಕ್ಸ್‌ಪ್ರೆಸ್ ಅವೆನ್ಯೂ.